ಅತ್ತೆ ಆರಿಸಿದ ಹಲಗೆ

ನಮ್ಮ ಸೋದರತ್ತೆ ಬಾವಿಯಲ್ಲಿ ಎಷ್ಟು ಹೊತ್ತು ಈಜಿ ಮೇಲೆ ಬಂದರೂ ಅವಳ ಹಣೆಯ ಮೂರು ಪಟ್ಟೆ ವಿಭೂತಿ ಇದ್ದ ಹಾಗೇ ಇರುತ್ತಿತ್ತು. ಕಚ್ಚೆ ಕಟ್ಟಿದ ಸೀರೆಯಿಂದ ಮೆಟ್ಟಿಲಿನ ಮೇಲೆಲ್ಲ ನೀರು ಸುರಿಯುತ್ತಿರುತ್ತಿತ್ತು, ಜಡೆ ತೊಯ್ದಿರುತ್ತಿತ್ತು, ಹಣೆ ಮಾತ್ರ ಆಗತಾನೇ ಪೂಜೆ ಮುಗಿಸಿ ಎದ್ದವಳ ಹಣೆ. ತಲೆಯನ್ನು ನೀರಿನಿಂದ ಮೇಲೆತ್ತಿಕೊಂಡು, ಯಾವ ಅವಸರವೂ ಇಲ್ಲದೆ ಸುತ್ತು ಹಾಕುವುದು ಅವಳ ಈಜು. "ನಮ್ಮಕ್ಕ ಎಮ್ಮೆ ಈಜ್ದಂಗೆ ಈಜ್ತಾಳೆ" ಎಂದು ಅಪ್ಪ ರೇಗಿಸಿದರೆ, ಅವಳು ಅದನ್ನು ಹೊಗಳಿಕೆಯೆಂದೇ ತಿಳಿದು ನಗುತ್ತಿದ್ದಳು.

ಪಾವಗಡದ ಕಡೆ ಮದುವೆಯಾಗಿ, ಗಂಡ ತೀರಿಕೊಂಡ ಮೇಲೆ ಪುರವರದ ಹತ್ತಿರದ ನಮ್ಮೂರಿಗೇ ಬಂದು ನೆಲೆಸಿದವಳು ಅವಳು. ಮಾತಿನ ನಡುವೆ ತೆಲುಗು ತಾನಾಗಿ ನುಸುಳುತ್ತಿತ್ತು. ಊರಿನ ಹೆಣ್ಣುಮಕ್ಕಳಿಗೆಲ್ಲ ನಮ್ಮ ತೋಟದ ಬಾವಿಯಲ್ಲಿ ಈಜು ಕಲಿಸಿದವಳು ಅವಳೇ. ಅಟ್ಟದಲ್ಲಿ ಒಣಗಿದ ಸೋರೆಬುರುಡೆಗಳನ್ನು ಹಗ್ಗ ಕಟ್ಟಿ ಸಾಲಾಗಿ ನೇತುಹಾಕಿದ್ದಳು. ಕಲಿಯಲು ಬಂದವಳನ್ನು ಕಂಕುಳಿಗೆ ಕೈಹಾಕಿ ಒಮ್ಮೆ ಎತ್ತಿ ಇಳಿಸಿ, ಅವಳ ತೂಕಕ್ಕೆ ತಕ್ಕ ಬುರುಡೆಯನ್ನು ಬೆನ್ನಿಗೆ ಕಟ್ಟುವಳು. ನಾವು ಕೇಳಿದ್ದಕ್ಕಿಂತ ಅದು ಯಾವತ್ತೂ ಚಿಕ್ಕದೇ. ನಾನಂತೂ ದೊಡ್ಡ ಬುರುಡೆ ಬೇಕೆಂದು ಬಾವಿಕಟ್ಟೆಯ ಮೇಲೆ ಕೂತು ರಂಪ ಮಾಡಿದ್ದೆ.

"ಬುರುಡೆ ನಿನ್ನ ತೇಲುಸ್ಬಾರ್ದು ಕಣಮ್ಮಿ" ಎಂದಿದ್ದಳು. "ನೀನು ತೇಲೋಗಂಟ ಜೊತೇಲಿದ್ರೆ ಸಾಕು."

ಆಮೇಲೆ ಸುತ್ತ ಬೋರ್‌ವೆಲ್‌ಗಳು ಬಂದು ಬಾವಿ ಬತ್ತಿತು. ಮಕ್ಕಳು ಬೀಳದಿರಲೆಂದು ಅದರ ಮೇಲೆ ಚಪ್ಪಡಿ ಹಾಕಿಸಿದರು. ಅತ್ತೆಯ ಮಂಡಿಗಳೂ ಕೈಕೊಟ್ಟವು. ಸಂಜೆಯ ಹೊತ್ತು ಅವಳು ಆ ಚಪ್ಪಡಿಯ ಮೇಲೆಯೇ ಕೂತು, ಸುಮ್ಮನೆ ಕಣ್ಣು ಮುಚ್ಚಿಕೊಂಡು ಸಣ್ಣಗೆ ತೂಗುತ್ತಿದ್ದಳು. ಏನತ್ತೆ ಎಂದು ಒಮ್ಮೆ ಕೇಳಿದ್ದಕ್ಕೆ, "ಸಾಯೋದ್ರೊಳ್ಗೆ ಇನ್ನೊಂದು ಕಿತ ನೀರ್ ಮೇಲೆ ಮನಿಕ್ಕಬೇಕು ಕಣಮ್ಮಿ, ಇನ್ನೇನೂ ಬ್ಯಾಡ" ಎಂದಳು. ಅಪ್ಪನ ಕಿವಿಗೆ ಅದು ಬಿದ್ದು, ಈ ಮಂಡಿ ಇಟ್ಟುಕೊಂಡು ನೀರಿಗಿಳಿದರೆ ಮೇಲೆತ್ತುವವರು ಯಾರು ಎಂದು ಗದರಿದರು. ಅತ್ತೆ ಮತ್ತೆ ಆ ಮಾತೆತ್ತಲಿಲ್ಲ. ತೂಗುವುದನ್ನು ಬಿಡಲೂ ಇಲ್ಲ.

ನಾನು ಕೊರಟಗೆರೆಯ ಕಡೆ ಶಾಲಾ ಶಿಕ್ಷಕಿ, ರಜೆ ಸಿಕ್ಕಾಗೆಲ್ಲ ಊರಿಗೆ ಬರುವವಳು. ಒಂದು ಬೇಸಿಗೆ ರಜೆಯಲ್ಲಿ ಗಂಡನ ಜೊತೆ ಪೂರ್ವದ ಕಡಲಿಗೆ ಹೋದವಳು, ಅಲ್ಲಿ ಗಾಳಿಪಟದ ಸವಾರಿಗೆ ಮರುಳಾಗಿಬಿಟ್ಟೆ. ಕಾಲಡಿ ಹಲಗೆ, ಸೊಂಟಕ್ಕೆ ಪಟ್ಟಿ, ಆ ಪಟ್ಟಿಗೆ ಕಟ್ಟಿದ ದೊಡ್ಡ ಗಾಳಿಪಟ. ಗಾಳಿ ಎಳೆದರೆ ನಾವು ನೀರಿನ ಮೇಲೆ ಜಾರುತ್ತಾ ಹೋಗುತ್ತೇವೆ. ಮುಂದಿನ ರಜೆಗಳಲ್ಲೂ ಹೋಗಿ, ಕಲಿಸುವವರು ಕೊಟ್ಟ ಹಲಗೆಯ ಮೇಲೆ ಬಿದ್ದು ಎದ್ದು ಒಂದಿಷ್ಟು ಕಲಿತೆ. ಮನೆಯಲ್ಲಿ ಯಾರಿಗೂ ಇದು ಅರ್ಥವಾಗಲಿಲ್ಲ. ಅತ್ತೆಗೆ ಮಾತ್ರ ಹೇಳುತ್ತಿದ್ದಂತೆಯೇ ಅರ್ಥವಾಯಿತು.

"ಗದ್ದೆ ಮಟ್ಟ ಮಾಡೋವಾಗ ಹಲ್ಗೆ ಮೇಲೆ ನಿಂತ್ಕಂಡು ಎತ್ತು ಹೊಡೀತಾರಲ್ಲ, ಅಂಗೆ. ಎತ್ತಿನ ಬದ್ಲು ಗಾಳಿ. ಅಷ್ಟೇ ತಾನೆ?"

ಅಷ್ಟೇ ಆಗಿತ್ತು.

ಆ ವರ್ಷ ಮಳೆ ಚೆನ್ನಾಗಿ ಹಿಡಿದು ನಮ್ಮೂರ ಕೆರೆ ತುಂಬಿತ್ತು. ಪಟವೊಂದನ್ನು ಆಗಲೇ ಕೊಂಡಿದ್ದೆ, ಆಷಾಢದ ಗಾಳಿ ಬರುವುದರೊಳಗೆ ನನ್ನದೇ ಒಂದು ಹಲಗೆಯೂ ಬೇಕೆನಿಸಿತು. ಎರಡೂ ತುದಿ ಒಂದೇ ತರಹದ ಕಲಿಕೆಯ ಹಲಗೆಯಲ್ಲ, ಮುಂದೆ ಮೂತಿ, ಅಡಿಯಲ್ಲಿ ಮೀನಿನ ರೆಕ್ಕೆಯಂಥವು ಇರುವ ನಿಜವಾದ ಸರ್ಫ್ ಹಲಗೆ. ಕೊಳ್ಳಲು ಕಡಲಿಗೆ ಹೊರಟಾಗ, ಸಮುದ್ರ ನೋಡಿಲ್ಲವೆಂದು ಅತ್ತೆಯೂ ಕಾರು ಹತ್ತಿದಳು.

ಅಂಗಡಿಯವನು ನಾನು ಹೇಳಿದ್ದನ್ನೆಲ್ಲ ಕೇಳಿ ಮಧ್ಯಮ ಗಾತ್ರದ ಒಂದನ್ನು ತೆಗೆದಿಟ್ಟ. ನಿಮ್ಮ ಕೆರೆಯಲ್ಲಿ ಏಳುವುದು ಸಣ್ಣ ಸಣ್ಣ ಒಡಕಲು ಅಲೆ, ಅದಕ್ಕೆ ಅಡಿ ಹೆಚ್ಚು ಬಾಗಿರಬಾರದು, ಸ್ವಲ್ಪ ಅಗಲವಿರಬೇಕು, ಆದರೆ ತೀರಾ ದಪ್ಪವಿದ್ದರೆ ಅಲೆಯನ್ನು ಸೀಳದೆ ಅದರ ಮೇಲೆ ಕುಪ್ಪಳಿಸುತ್ತದೆ ಎಂದು ತಾಳ್ಮೆಯಿಂದ ವಿವರಿಸಿದ. ಅತ್ತೆ ಅವನ ಮಾತಿಗೆ ಕಿವಿಗೊಡಲಿಲ್ಲ. ಕೋಲೂರಿಕೊಂಡು ಗೋಡೆಯುದ್ದಕ್ಕೂ ಹೋಗಿ, ಎಲ್ಲಕ್ಕಿಂತ ಉದ್ದವೂ ದಪ್ಪವೂ ಆಗಿದ್ದ ಹಳದಿ ಹಲಗೆಯ ಮುಂದೆ ನಿಂತಳು. ಹಲಸಿನಹಣ್ಣು ನೋಡುವವರ ಹಾಗೆ ಅದನ್ನು ಬಡಿದಳು, ತಬ್ಬಿದಳು, ಕೆನ್ನೆಯಿಟ್ಟು ನೋಡಿದಳು. ಆಮೇಲೆ ಅಂಗಡಿಯವನನ್ನು ತೆಲುಗಿನಲ್ಲಿ, ಇದು ಎಷ್ಟು ಭಾರ ಹೊರುತ್ತದೆ ಎಂದು ವಿಚಾರಿಸಿದಳು. ಇಬ್ಬರನ್ನು ಹೊತ್ತೀತು ಎಂದು ಅವನು ನಕ್ಕ.

"ಇದೇ ತಗೋ ಅಮ್ಮಿ."

ಬಾವಿಯಲ್ಲಿ ಯಾವತ್ತೂ ಚಿಕ್ಕ ಬುರುಡೆ ಕಟ್ಟಿದವಳು ಈಗ ದೊಡ್ಡದನ್ನು ಆರಿಸುತ್ತಿದ್ದಾಳಲ್ಲ ಎಂದು ಅನುಮಾನವೇನೋ ಬಂತು. ಆದರೆ ನೀರಿನ ವಿಷಯದಲ್ಲಿ ಅವಳ ಮಾತನ್ನು ಮೀರುವ ಅಭ್ಯಾಸ ನನಗಿರಲಿಲ್ಲ. ಹಳದಿ ಹಲಗೆ ಕಾರಿನ ನೆತ್ತಿಯೇರಿತು. ದಾರಿಯುದ್ದಕ್ಕೂ ಅತ್ತೆ ಕಿಟಕಿಯಿಂದ ಕತ್ತು ಹೊರಳಿಸಿ, ಹಗ್ಗ ಗಟ್ಟಿಯಾಗಿದೆಯೇ ಎಂದು ನೋಡುತ್ತಲೇ ಬಂದಳು.

ಆಷಾಢದ ಒಂದು ಮಧ್ಯಾಹ್ನ, ಗಾಳಿ ಕೆರೆಯನ್ನು ಎಡೆಬಿಡದೆ ಉಳುತ್ತಿತ್ತು. ದೂರದಲ್ಲಿ ಮಧುಗಿರಿಯ ಬೆಟ್ಟ ಧೂಳಿನಲ್ಲಿ ಅರ್ಧ ಕರಗಿತ್ತು. ದಡದಲ್ಲಿ ಗಂಡ ಪಟವನ್ನೆತ್ತಿ ಹಿಡಿದು ಬಿಟ್ಟರು. ನಾನು ಎದ್ದೆ, ಹಲಗೆ ಟಪಟಪನೆ ಕುಪ್ಪಳಿಸಿತು, ನಾನು ಬಿದ್ದೆ. ಮತ್ತೆ ಎದ್ದೆ, ಅದು ನನ್ನನ್ನು ಕುದುರೆಯ ಹಾಗೆ ಕೊಡವಿ ಕೆಡವಿತು. ಅಂಗಡಿಯವನು ಹೇಳಿದ್ದು ಅಕ್ಷರಶಃ ಸರಿಯಾಗಿತ್ತು. ಏರಿಯ ಮೇಲೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ನಾನು ಮೂಗಿನಿಂದ ನೀರು ಸುರಿಸುತ್ತಾ ಸಿಟ್ಟಿನಿಂದ ಮೇಲೆ ಬಂದೆ.

"ಎಂಥಾ ಹಲಗೆ ಆರಿಸಿದೆ ಅತ್ತೆ! ನನಗೆ ಇದು ಆಗಲ್ಲ."

"ನಿಂಗೆ ಅಂತ ಯಾವಳ್ ಆರ್ಸಿದ್ಳು?" ಎಂದಳು. ನಗು ನಿಲ್ಲಿಸಿ, ಕೋಲಿನ ತುದಿಯಿಂದ ಮಣ್ಣು ಕೆದಕಿದಳು. "ನನ್ ತೂಕಕ್ಕೆ ನೋಡ್ದೆ ಕಣಮ್ಮಿ. ಕೇಳಿದ್ರೆ ನೀನೂ ನಿಮ್ಮಪ್ಪನಂಗೆ ಬ್ಯಾಡ ಅಂತಿದ್ದೆ."

ಕುರ್ಚಿಯ ಪಕ್ಕ ಕುಸಿದು, ಅವಳ ಮಂಡಿಗೆ ತಲೆಯಾನಿಸಿ ಅತ್ತುಬಿಟ್ಟೆ. ಹೌದು, ಬೇಡವೆಂದೇ ಹೇಳುತ್ತಿದ್ದೆ.

ಮರುದಿನ ಬೆಳಗ್ಗೆ, ಗಾಳಿ ಏಳುವ ಮುಂಚೆ, ಅಪ್ಪ ಹಾಲು ಹಾಕಲು ಡೈರಿಗೆ ಹೋಗಿದ್ದಾಗ ನಾವು ಮೂವರೂ ಕೆರೆಗೆ ಹೋದೆವು. ಮೊಣಕಾಲಷ್ಟು ನೀರಿನಲ್ಲಿ ಆ ಪ್ಲಾಸ್ಟಿಕ್ ಕುರ್ಚಿಯನ್ನೇ ಇಟ್ಟೆವು. ನನ್ನ ತೇಲುವ ಜಾಕೆಟ್ಟನ್ನು ಸೀರೆಯ ಮೇಲೆ ಬಿಗಿದುಕೊಂಡು ಅತ್ತೆ ಕುರ್ಚಿಯಲ್ಲಿ ಕೂತಳು. "ಅಳಿಯಂದಿರೇ, ನೀವು ಆಕಡೆ ಮಖ ತಿರುಗುಸ್ಕಳಿ" ಎಂದು ನನ್ನ ಗಂಡನಿಗೆ ಅಪ್ಪಣೆ ಮಾಡಿ, ಕುರ್ಚಿಯಿಂದ ಹಲಗೆಗೆ ಮೆಲ್ಲಗೆ ಹೊರಳಿದಳು. ಹಲಗೆ ಒಂದು ಸಲ ತಗ್ಗಿ, ಮತ್ತೆ ಮೇಲೆದ್ದು, ಅವಳನ್ನು ಹೊತ್ತುಕೊಂಡಿತು.

ನಾನು ಎದೆಮಟ್ಟದ ನೀರಿಗಿಳಿದು ಹಲಗೆಯ ಅಂಚು ಹಿಡಿದು ನಡೆದೆ. ನೀರಿನಲ್ಲಿ ಆಕಾಶ ಅಲುಗದೆ ಬಿದ್ದಿತ್ತು; ಎಲ್ಲಿ ನೀರು ಮುಗಿದು ಎಲ್ಲಿ ಬೆಳಕು ಶುರುವಾಗುತ್ತದೋ ಗೊತ್ತಾಗುವಂತಿರಲಿಲ್ಲ. ಎರಡೂ ಕೈಗಳನ್ನು ನೀರಿಗೆ ಇಳಿಬಿಟ್ಟು ಬೋರಲು ಮಲಗಿದ್ದ ಅತ್ತೆ, ಬಾವಿಯಲ್ಲಿ ಯಾವತ್ತೂ ತಗ್ಗಿಸದ ತಲೆಯನ್ನು ತಗ್ಗಿಸಿ ಹಲಗೆಗೆ ಹಣೆಯಿಟ್ಟಳು. ನಿದ್ದೆ ಹೋದಳೇನೋ ಎಂದು ಬಗ್ಗಿ ನೋಡಿದೆ.

"ಬಾವಿ ವಾಸ್ನೆ ಬತ್ತೈತೆ ಅಮ್ಮಿ" ಎಂದಳು, ಕಣ್ಣು ತೆರೆಯದೆ. "ಸುಮ್ಕೆ ಹಿಂಗೇ ಬುಟ್ಬುಡು."

ಆ ಮಳೆಗಾಲವೆಲ್ಲ, ಗಾಳಿಯಿಲ್ಲದ ಬೆಳಗುಗಳು ಅವಳವು, ಗಾಳಿಯ ಮಧ್ಯಾಹ್ನಗಳು ನನ್ನವು. ಅಂಗಡಿಯವನು ತೆಗೆದಿಟ್ಟಿದ್ದ ಮಧ್ಯಮ ಹಲಗೆಯನ್ನು ನಾನು ಆಮೇಲೆ ತರಿಸಿಕೊಂಡೆ. ಅದರ ಮೇಲೆ ಚೆನ್ನಾಗಿಯೇ ಜಾರುತ್ತೇನೆ. ಅಪ್ಪನಿಗೂ ವಿಷಯ ತಿಳಿಯಿತು. ಒಂದು ದಿನ ಬೈಯಲೆಂದೇ ಏರಿಯ ಮೇಲೆ ಬಂದವರು, ಅಕ್ಕ ತೇಲುತ್ತಿದ್ದುದನ್ನು ನೋಡುತ್ತಾ ನಿಂತು, ಮನೆಗೆ ಹೋಗಿ ಬಿಸಿ ಕಾಫಿ ತಂದರು.

ಕೆರೆ ತಗ್ಗಿ ಚಳಿ ಬಿದ್ದ ಮೇಲೆ, ಒಂದು ಮಧ್ಯಾಹ್ನ ಮಲಗಿದ ಅತ್ತೆ ಮತ್ತೆ ಏಳಲಿಲ್ಲ. ಮಣ್ಣಿಗಿಡುವ ಮುಂಚೆ ಅಪ್ಪ ಅವಳ ಹಣೆಗೆ ತಾವೇ ವಿಭೂತಿ ಹಚ್ಚಿದರು, ಮೂರು ಪಟ್ಟೆ, ಅವಳು ಹಚ್ಚಿಕೊಳ್ಳುತ್ತಿದ್ದಷ್ಟೇ ದಪ್ಪಗೆ.

ಮುಂದಿನ ಆಷಾಢಕ್ಕೆ ಹಳದಿ ಹಲಗೆಯನ್ನು ಅಟ್ಟದಿಂದ ಇಳಿಸಿ ಬಿಸಿಲಿಗಿಟ್ಟೆ. ಮೈ ಜಾರದಿರಲೆಂದು ಈ ಹಲಗೆಗಳಿಗೆ ಮೇಣ ಹಚ್ಚುತ್ತಾರೆ. ಹಳೆಯದನ್ನು ಕೆರೆದು ಹೊಸದು ಹಚ್ಚಬೇಕು. ಕೆರೆಯುತ್ತಾ ಮೂತಿಯ ಹತ್ತಿರ ಬಂದಾಗ ಕೈ ನಿಂತಿತು. ಅವಳು ಹಣೆಯಿಡುತ್ತಿದ್ದ ಜಾಗದಲ್ಲಿ, ಮೇಣದೊಳಗೆ ಸೇರಿಕೊಂಡು, ಬೂದುಬಣ್ಣದ ಮೂರು ಗೆರೆಗಳಿದ್ದವು.

ಈಗಲೂ ಗಾಳಿಯಿಲ್ಲದ ಬೆಳಗ್ಗೆ ಆ ಹಲಗೆಯ ಮೇಲೆ ಮಲಗಿ ಕೆರೆಯ ಮಧ್ಯಕ್ಕೆ ಹೋಗುತ್ತೇನೆ. ಪ್ರತಿ ವರ್ಷ ಹೊಸ ಮೇಣ ಹಚ್ಚುವಾಗ ಅಷ್ಟು ಜಾಗ ಬಿಟ್ಟು ಹಚ್ಚುತ್ತೇನೆ.