ಅಪ್ಪನ ಕಣ್ಣಿನ ಕರೆಂಟು

ಅಪ್ಪ ಮಾಟುಂಗದ ಉಡುಪಿ ಹೋಟೆಲಿನಲ್ಲಿ ಸಪ್ಲಾಯರ್. ಒಂದೇ ಕೈಯಲ್ಲಿ ಹದಿನೆಂಟು ಪ್ಲೇಟು ಹಿಡಿಯುತ್ತಾರೆ ಎಂದು ಪಾರ್ಲೆಯ ನನ್ನ ಕಾಲೇಜಿನಲ್ಲೆಲ್ಲ ಹೇಳಿಕೊಂಡು ತಿರುಗಿದ್ದೆ. ನಿಜಕ್ಕೂ ಆರು. ಹೋದ ತಿಂಗಳು ಮೇಜಿನ ಅಂಚು ಕಾಣದೆ ಅವರು ಸಾಂಬಾರಿನ ಬಟ್ಟಲನ್ನು ಗಿರಾಕಿಯ ತೊಡೆಯ ಮೇಲೆ ಚೆಲ್ಲಿದರು. ಅರ್ಧ ಮಾಟುಂಗ ತೇಲಿಹೋಯಿತು ಎಂದು ಅದನ್ನೂ ಹೇಳಿ ನಗಿಸಿದೆ. ಮತ್ತೊಮ್ಮೆ ಚೆಲ್ಲಿದಾಗ, ಕಣ್ಣು ಸರಿಯಿದೆ ಎಂಬ ಡಾಕ್ಟರ ಚೀಟಿ ತಂದರಷ್ಟೇ ಕೆಲಸ ಎಂದರು ಹೋಟೆಲಿನ ಸೇಠರು.

ಆಸ್ಪತ್ರೆಯಲ್ಲಿ ರೆಟಿನಾದ ಕರೆಂಟು ಅಳೆಯುವ ಪರೀಕ್ಷೆ. ಮೊದಲು ಅರ್ಧ ಗಂಟೆ ಕತ್ತಲೆ ಕೋಣೆಯಲ್ಲಿ ಕೂರಬೇಕು. ನಾನೂ ಕೂತೆ. ಹೋದ ವರ್ಷ ಕಣ್ಣಿನ ಕ್ಯಾಂಪಿನಲ್ಲಿ ಬೋರ್ಡಿನ ಕೊನೆಯ ಸಾಲಿನವರೆಗೂ ಓದಿದವರು ನೀವು, ಹದ್ದಿನ ಕಣ್ಣು, ಏನೂ ಆಗಿರುವುದಿಲ್ಲ ಎಂದು ಧೈರ್ಯ ಹೇಳಿದೆ.

“ಅದು ಓದಿದ್ದಲ್ಲ ಮಾರಾಯ,” ಎಂದರು ಅಪ್ಪ. “ಲೈನಲ್ಲಿ ನನ್ನ ಮುಂದೆ ಇದ್ದವ್ರು ಹೇಳಿದ್ದು ಕೇಳಿ ಹೇಳಿದ್ದು.”

ಹತ್ತು ಮೇಜಿನ ಆರ್ಡರನ್ನು ಬರೆದುಕೊಳ್ಳದೆ ಒಳಗೆ ಕೂಗಿ ಹೇಳುವವರಿಗೆ ಆ ಬೋರ್ಡು ಯಾವ ಲೆಕ್ಕ! ಆದರೆ ಈ ಪರೀಕ್ಷೆಯಲ್ಲಿ ಬಾಯಿಗೆ ಕೆಲಸವಿರಲಿಲ್ಲ. ಕಣ್ಣಿಗೆ ಔಷಧಿ ಬಿಟ್ಟು, ಕೂದಲಿನಷ್ಟು ತೆಳ್ಳಗಿನ ತಂತಿ ತಾಗಿಸಿ ಬೆಳಕು ಮಿಂಚಿಸಿದರು. ಪರದೆಯ ಮೇಲೆ ಅಲೆ ಏಳಬೇಕಿತ್ತು. ಗೆರೆ ಮಲಗಿಯೇ ಇತ್ತು.

ಡಾಕ್ಟರು ನನಗೆ ಇಂಗ್ಲಿಷಿನಲ್ಲಿ ಎಲ್ಲ ಹೇಳಿ ಹೋದರು.

“ಎಂತ ಹೇಳಿದ್ರು?”

ನಾನು ಶುರುಮಾಡಿದೆ. ಕಣ್ಣಿನ ಕೋಶಗಳಿಗೆ ಸಣ್ಣ ಬಾಗಿಲುಗಳಿವೆ. ಕತ್ತಲಲ್ಲಿ ಅವು ತೆರೆದಿದ್ದು, ಸೋಡಿಯಂ ಅಯಾನುಗಳು ದಾದರ್‌ನಲ್ಲಿ ಲೋಕಲ್ ರೈಲು ಹತ್ತುವ ಜನರ ಹಾಗೆ ನುಗ್ಗುತ್ತವೆ. ಬೆಳಕು ಬಿದ್ದರೆ ಏಸಿ ಲೋಕಲಿನ ಹಾಗೆ ಬಾಗಿಲು ತಾನಾಗಿ ಮುಚ್ಚುತ್ತದೆ. ಆಗ ಕರೆಂಟು ಬದಲಾಗಿ, ನರದ ಮೂಲಕ ಮಿದುಳಿಗೆ ಸುದ್ದಿ ಮುಟ್ಟುತ್ತದೆ. ಒಳಗೆ ಸೀಟಿಗಾಗಿ ಜಗಳವಾಡುವ ಅಯಾನು ಹೆಂಗಸೊಬ್ಬಳನ್ನೂ ಸೇರಿಸಿದೆ. ಅಪ್ಪ ನಗಲಿಲ್ಲ.

“ನನ್ನ ಬಾಗಿಲು?”

ಹುಟ್ಟುವಾಗಲೇ ಕೆಟ್ಟಿರಬೇಕು ಎಂದಿದ್ದರು ಡಾಕ್ಟರು. ಅದರಿಂದಲೇ ಕೋಶಗಳು ಒಂದೊಂದಾಗಿ ಸತ್ತಿವೆ. ಉಳಿದವೂ ಸಾಯುತ್ತವೆ, ಮದ್ದಿಲ್ಲ. ಇದಕ್ಕೆ ಸೇರಿಸಲು ಏನೂ ಸಿಗದೆ ಇದ್ದಷ್ಟೇ ಹೇಳಿದೆ.

“ಪ್ಲೇಟು ಹಿಡೀಬಹುದಾ?”

“ಬೇಡ ಅಂದ್ರು ಅಪ್ಪ.”

ಸೇಠರಿಗೆ ನಾನೇ ಫೋನ್ ಮಾಡುತ್ತೇನೆ ಎಂದೆ. ಅಪ್ಪ ಕಣ್ಣಿನಿಂದ ಸೋರುತ್ತಿದ್ದ ಔಷಧಿಯನ್ನು ಅಂಗಿಯ ತೋಳಿಗೆ ಒರೆಸಿಕೊಂಡರು.

“ನಾಳೆ ಹೋಗಿ ನಾನೇ ಹೇಳ್ತೇನೆ. ನೀನು ಉದ್ದ ಮಾಡ್ತಿ.”