ಎರಡು ಒಲೆ, ಒಂದು ಚೂರಿ

ದೊಡ್ಡಾಕೆ ಹೊಟ್ಟೆಕಿಚ್ಚಿನ ಹೆಂಗಸು. ಇದನ್ನು ನಯಮಾಡಿ ಹೇಳುವ ಅಗತ್ಯ ನನಗೆ ಕಾಣುವುದಿಲ್ಲ. ಅವಳ ಅಡುಗೆಮನೆಗೂ ನನ್ನ ಅಡುಗೆಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ, ಹಿಂದಿನ ಅಂಗಳಗಳ ನಡುವೆ ಎದೆಮಟ್ಟದ ಇನ್ನೊಂದು. ಇಷ್ಟು ವರ್ಷ ಕೇಳಿ, ನೋಡಿ ಹೇಳುತ್ತಿದ್ದೇನೆ. ಬೀದಿಯಲ್ಲಿ ಯಾರ ಕಿಟಕಿಗಾದರೂ ಹೊಸ ಪರದೆ ಬಂದರೆ ಅವಳಿಗೆ ತಲೆನೋವು ಬರುತ್ತಿತ್ತು. ಎದುರುಮನೆಯ ಬೆಕ್ಕು ನಾಲ್ಕು ಮರಿ ಹಾಕಿ ತನ್ನ ಬೆಕ್ಕು ಎರಡೇ ಹಾಕಿದಾಗ, ಒಂದು ವಾರ ತನ್ನ ಬೆಕ್ಕಿನ ಜೊತೆ ಮಾತು ಬಿಟ್ಟಿದ್ದಳು.

ಆದರೆ ಇವೆಲ್ಲ ಚಿಲ್ಲರೆ ಸಂಕಟಗಳು. ಅವಳ ನಿಜವಾದ ಉರಿ ಇದ್ದದ್ದು ಒಬ್ಬಳ ಮೇಲೆ, ಅವಳ ಓರಗಿತ್ತಿಯ ಮೇಲೆ. ಅಂದರೆ ಗಂಡನ ತಮ್ಮನ ಹೆಂಡತಿ. ಮನೆಯಲ್ಲಿ ಅವರನ್ನು ದೊಡ್ಡಾಕೆ, ಚಿಕ್ಕಾಕೆ ಎಂದೇ ಕರೆಯುತ್ತಿದ್ದರು. ಬೀದಿಯೂ ಹಾಗೇ ಕರೆಯಿತು. ಅಣ್ಣತಮ್ಮಂದಿರ ಮನೆ ಒಂದೇ, ಅಡುಗೆಮನೆಯೂ ಒಂದೇ. ಒಲೆ ಮಾತ್ರ ಎರಡು. ಎರಡು ಒಲೆಗಳ ನಡುವೆ ನೀರಿನ ತೊಟ್ಟಿ. ಆ ತೊಟ್ಟಿ ಇಬ್ಬರ ನಡುವಿನ ಗಡಿ.

ದೊಡ್ಡಾಕೆ ಬಂದರಿನ ಪಕ್ಕದ ಶೆಡ್ಡಿನಲ್ಲಿ ಇಪ್ಪತ್ತಾರು ವರ್ಷ ಸಿಂಪಿಯ ಚಿಪ್ಪು ಬಿಡಿಸಿ ಮಾಂಸ ತೆಗೆದವಳು. ದೋಣಿಯಿಂದ ಬಂದ ಸಿಂಪಿಗಳನ್ನು ಮಂಜುಗಡ್ಡೆಯ ನೀರಿನಲ್ಲಿ ಹಾಕಿಡುತ್ತಾರೆ. ಉದ್ದನೆಯ ಕಲ್ಲುಮೇಜಿನ ಎರಡೂ ಬದಿಗೆ ಹೆಂಗಸರು ನಿಲ್ಲುತ್ತಾರೆ. ಎಡಗೈಗೆ ದಪ್ಪ ಗವಸು, ಬಲಗೈಯಲ್ಲಿ ಬೆರಳುದ್ದದ ಮೊಂಡು ಚೂರಿ. ಚಿಪ್ಪಿನ ಕೀಲಿಗೆ ಚೂರಿ ತೂರಿಸಿ ಒಮ್ಮೆ ತಿರುಚಬೇಕು. ಆಮೇಲೆ ಅಲಗನ್ನು ಮೇಲಿನ ಚಿಪ್ಪಿಗೆ ಒತ್ತಿ ಹಿಡಿದು, ಮಾಂಸ ಚಿಪ್ಪಿಗೆ ಅಂಟಿದ ಗಂಟನ್ನು ಕೊಯ್ಯಬೇಕು. ಅಲಗು ಒಂದು ಅಕ್ಕಿಕಾಳಿನಷ್ಟು ಕೆಳಗೆ ಬಾಗಿದರೂ ಸಿಂಪಿಯ ಹೊಟ್ಟೆ ಸೀಳುತ್ತದೆ. ಸೀಳಿದ್ದು ಕಣ್ಣಿಗೆ ತಟ್ಟನೆ ಕಾಣುವುದಿಲ್ಲ, ಆದರೆ ಒಳಗಿನ ನೀರು ಸೋರುತ್ತಲೇ ಇರುತ್ತದೆ. ಅಂಥದ್ದು ಹುರಿಯಲು ಬರುವುದಿಲ್ಲ. ಎಣ್ಣೆಗೆ ಬಿದ್ದರೆ ಸಿಡಿಯುತ್ತದೆ, ಮೇಲಿನ ಹೊದಿಕೆ ಒದ್ದೆಯಾಗಿ ಕಳಚುತ್ತದೆ. ಅದು ಸೂಪಿನ ಡಬ್ಬಿಗೆ ಹೋಗಬೇಕು, ಅದಕ್ಕೆಂದೇ ಪ್ರತಿಯೊಬ್ಬಳ ಕಾಲ ಬಳಿ ಒಂದು ನೀಲಿ ಬಕೆಟ್ಟು. ಸಂಜೆ ಮೇಸ್ತ್ರಿ ಬಂದು ಯಾರ ಬಕೆಟ್ಟಿನಲ್ಲಿ ಎಷ್ಟು ಬಿದ್ದಿದೆ ಎಂದು ಬಗ್ಗಿ ನೋಡುತ್ತಾನೆ. ದೊಡ್ಡಾಕೆಯ ಬಕೆಟ್ಟು ಇಪ್ಪತ್ತಾರು ವರ್ಷವೂ ಒಣಗಿಯೇ ಇತ್ತು. ಮೇಸ್ತ್ರಿ ಅದನ್ನು ಬಗ್ಗಿ ನೋಡುವುದನ್ನೇ ಬಿಟ್ಟಿದ್ದ. ಅದೊಂದೇ ವಿಷಯದಲ್ಲಿ ಅವಳಿಗೆ ಯಾರ ಮೇಲೂ ಹೊಟ್ಟೆಕಿಚ್ಚಿರಲಿಲ್ಲ.

ಶನಿವಾರ ಶೆಡ್ಡಿನ ಹೆಂಗಸರು ಒಂದಿಷ್ಟು ಸಿಂಪಿಯನ್ನು ಚಿಪ್ಪಿನ ಸಮೇತ ಮನೆಗೆ ತರಬಹುದು. ದೊಡ್ಡಾಕೆ ತಂದು ತೊಟ್ಟಿಯ ಬಳಿ ನಿಂತು ಬಿಡಿಸಿ, ಎರಡು ಬಟ್ಟಲಿಗೆ ಹಾಕುತ್ತಿದ್ದಳು. ಒಂದು ತನ್ನ ಒಲೆಗೆ, ಒಂದು ಓರಗಿತ್ತಿಯ ಒಲೆಗೆ. ಚಿಕ್ಕಾಕೆ ಮದುವೆಯಾಗಿ ಬಂದ ಮೊದಲ ಶನಿವಾರವೇ ಅನಾಹುತವಾಯಿತು. ದೊಡ್ಡಾಕೆಯ ಗಂಡ ತನ್ನ ತಟ್ಟೆ ಬಿಟ್ಟು ತಮ್ಮನ ತಟ್ಟೆಗೆ ಕೈಹಾಕಿ ಒಂದು ಹುರಿದ ಸಿಂಪಿ ಬಾಯಿಗಿಟ್ಟುಕೊಂಡ.

"ಇದು ಸದ್ದು ಮಾಡತ್ತೆ ನೋಡೇ," ಎಂದ, ಬಾಯಿತುಂಬ.

"ಸದ್ದು ಬೇಕಾ? ಬಾಗಿಲು ಹಾಕಿ ತೆಗೀತಾ ಇರ್ತೀನಿ, ಕೇಳ್ಕೊಂಡು ಕೂತ್ಕೊಳ್ಳಿ."

ಮುಂದಿನ ಶನಿವಾರದಿಂದ ಅವಳು ಓರಗಿತ್ತಿಯ ಬಟ್ಟಲಿಗೆ ಹಾಕುವ ಹನ್ನೆರಡರಲ್ಲಿ ಎರಡಕ್ಕೆ ಬೇಕೆಂದೇ ಚೂರಿ ತಾಗಿಸತೊಡಗಿದಳು. ಇದನ್ನು ನನಗೆ ಹೇಳಿದ್ದು ಅವಳೇ, ಅಂಗಳದ ಗೋಡೆಗೆ ಮೊಣಕೈ ಊರಿಕೊಂಡು, ಹವಾಮಾನ ಹೇಳಿದಷ್ಟು ಸಲೀಸಾಗಿ. "ನಿಮ್ಮ ಹತ್ರ ಹೇಳಿದ್ರೆ ಬೀದಿಗೆ ಹೋಗಲ್ಲ. ನಿಮ್ಮ ಹತ್ರ ಯಾರು ಮಾತಾಡ್ತಾರೆ?" ಎಂದಳು. ನಾನು ಅದು ತಪ್ಪು ಎಂದೆ. "ಗೊತ್ತು. ನಾನೇನು ಸರಿ ಅಂದ್ನಾ?" ಎಂದಳು.

ಕೆಲವು ತಿಂಗಳು ಅವಳಿಗೆ ಸುಖವಾಗಿತ್ತು. ಪಕ್ಕದ ಬಾಣಲೆಯಲ್ಲಿ ಎಣ್ಣೆ ಸಿಡಿಯುವುದು, ಚಿಕ್ಕಾಕೆ "ಅಯ್ಯೋ" ಎಂದು ಹಿಂದೆ ಸರಿಯುವುದು, ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತ ಅತ್ತೆ "ಯಾಕೇ, ಒಲೆ ಮೇಲೆ ಜಗಳಾನಾ?" ಎಂದು ನಗುವುದು. ಆಮೇಲೆ ಸಿಡಿಯುವುದು ನಿಂತಿತು. ದೊಡ್ಡಾಕೆ ಮೂರಕ್ಕೆ ಚೂರಿ ತಾಗಿಸಿದಳು. ಕೆಲವು ವಾರ ಸಿಡಿದು ಮತ್ತೆ ನಿಂತಿತು. ನಾಲ್ಕಕ್ಕೆ ತಾಗಿಸಿದಳು. ಹೀಗೆ ಹದಿನೇಳು ವರ್ಷ. ಅವಳ ಗಂಡನ ಕೈ ತಮ್ಮನ ತಟ್ಟೆಗೆ ಹೋಗುವುದು ಮಾತ್ರ ನಿಲ್ಲಲಿಲ್ಲ. "ಅವಳ ಕೈಯಲ್ಲಿ ಏನೋ ಇದೆ," ಎನ್ನುತ್ತಿದ್ದ. ಹೆಂಡತಿಯ ಎದುರಿಗೆ ಹೇಳಬಾರದ ಮಾತು ಯಾವುದು ಎಂಬ ತಿಳಿವಳಿಕೆ ಆ ಮನುಷ್ಯನಿಗೆ ಕೊನೆಯವರೆಗೂ ಬರಲಿಲ್ಲ.

ಅಷ್ಟರಲ್ಲಿ ದೊಡ್ಡಾಕೆಯ ಬೆರಳು ಕೆಟ್ಟವು. ಮಂಜುಗಡ್ಡೆಯ ನೀರು ಯಾರ ಕೀಲನ್ನೂ ಬಿಡುವುದಿಲ್ಲ. ಬೆಳಿಗ್ಗೆ ಎದ್ದರೆ ಮುಷ್ಟಿ ಬಿಚ್ಚಲು ಬಿಸಿನೀರು ಬೇಕು. "ಇನ್ನೊಂದು ಚಳಿಗಾಲ ಆ ನೀರಲ್ಲಿ ಕೈ ಇಟ್ರೆ ನಿಮ್ಮ ರವಿಕೆ ಗುಂಡಿ ಹಾಕೋಕೂ ಇನ್ನೊಬ್ರು ಬೇಕಾಗತ್ತೆ," ಎಂದು ಡಾಕ್ಟರು ಹೇಳಿದರು. ಆದರೂ ಚೂರಿ ಹಿಡಿದರೆ ಅವಳ ಕೈ ಅಲುಗುತ್ತಿರಲಿಲ್ಲ. ನೋವು ಅವಳಿಗಿತ್ತು, ಚೂರಿಗಿರಲಿಲ್ಲ.

ಆಗ ಶೆಡ್ಡಿನ ಕ್ಯಾಂಟೀನಿನ ಅಡುಗೆಯವಳು ಕೆಲಸ ಬಿಟ್ಟಳು. ಬೆಚ್ಚಗಿನ ಕೋಣೆ, ಒಲೆಯ ಮುಂದಿನ ಕೆಲಸ, ತಣ್ಣೀರಿನ ಮಾತೇ ಇಲ್ಲ. ದೊಡ್ಡಾಕೆಗೆ ಆ ಜಾಗ ಬೇಕಿತ್ತು. ಬಾಯಿಬಿಟ್ಟು ಹೇಳಿದ್ದರೆ ಸಾಕಾಗಿತ್ತು. ಚಿಕ್ಕಾಕೆ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ಅವಳು ಮೊದಲು ಬಂದು ಕೇಳಿದಳು: "ಅಕ್ಕ, ನೀವು ಹೆಸರು ಕೊಡೋದಾದ್ರೆ ನಾನು ಕೊಡಲ್ಲ. ನೀವು ಕೊಡಲ್ಲ ಅಂದ್ರೆ ಮಾತ್ರ ಕೇಳ್ತೀನಿ."

ಹೊಟ್ಟೆಕಿಚ್ಚಿನವರಿಗೆ ಎದುರಿನವರು ದಾರಿ ಬಿಟ್ಟುಕೊಟ್ಟರೂ ತಡೆಯಲಾಗದು. "ನನಗ್ಯಾಕೆ? ನೀನೇ ಕೊಟ್ಕೋ ಹೋಗು," ಎಂದಳು ದೊಡ್ಡಾಕೆ. ಮರುದಿನ ಹೋಗಿ ಗುಟ್ಟಾಗಿ ತಾನೂ ಹೆಸರು ಕೊಟ್ಟಳು. ಅಂಗಳದ ಗೋಡೆಯ ಬಳಿ ನನ್ನನ್ನು ನಿಲ್ಲಿಸಿಕೊಂಡು, "ಅರ್ಧ ಅಡುಗೆಮನೆ ತಗೊಂಡ್ಲು. ನನ್ನ ಗಂಡನ ನಾಲಿಗೆ ತಗೊಂಡ್ಲು. ಈಗ ಕ್ಯಾಂಟೀನೂ ಬೇಕಂತೆ," ಎಂದಳು.

ಕ್ಯಾಂಟೀನಿನ ಮೇಲ್ವಿಚಾರಕನನ್ನು ಹೆಂಗಸರು ಸಪ್ಪೆಸಾಹೇಬ ಎಂದು ಕರೆಯುತ್ತಿದ್ದರು. ನಗದ, ಗದರದ, ಎಲ್ಲವನ್ನೂ ಗಡಿಯಾರ ನೋಡಿ ಮಾಡುವ ಸಣಕಲು ಮನುಷ್ಯ. ಮಧ್ಯಾಹ್ನದ ಊಟಕ್ಕೆ ಗರಿಗರಿ ಹುರಿದ ಸಿಂಪಿ ಆ ಕ್ಯಾಂಟೀನಿನ ಮುಖ್ಯ ತಿನಿಸು. "ನಮ್ಮ ಒಲೆ ಮೇಲೆ ಯಾರು ಮಾಡಿದ್ರೂ ಒಂದೇ ಥರ ಆಗತ್ತೆ. ಮನೇಲಿ ಹೇಗೆ ಮಾಡ್ತೀರೋ ಹಾಗೆ ಮಾಡಿ, ನಾನೇ ಬಂದು ತಿಂತೀನಿ," ಎಂದ. ಏಳು ಮನೆ ಸುತ್ತಿದ. ಕೊನೆಗೆ ಉಳಿದದ್ದು ಈ ಒಂದು ಮನೆ, ಎರಡು ಒಲೆ. ದೊಡ್ಡಾಕೆ ಹೆಸರು ಕೊಟ್ಟಿದ್ದು ಚಿಕ್ಕಾಕೆಗೆ ಗೊತ್ತಾದದ್ದು ಅವನ ಬಾಯಿಂದಲೇ. ಇಬ್ಬರೂ ಒಂದೇ ದಿನ, ಅವನ ಎದುರಿಗೇ ಹುರಿಯಬೇಕು ಎಂದು ಅವನು ಹೇಳಿದ ಮೇಲೆ ಹಿಂದೆ ಸರಿಯುವಂತಿರಲಿಲ್ಲ.

ಅವನು ಬರಬೇಕಿದ್ದ ಭಾನುವಾರ ದೊಡ್ಡಾಕೆ ನನ್ನನ್ನು ಕರೆದಳು. "ಸಾಕ್ಷಿಗೆ ಬನ್ನಿ. ಆಮೇಲೆ ಮೋಸ ಆಯ್ತು ಅನ್ನೋ ಮಾತು ಬರಬಾರದು." ಈ ಮಾತು ಹೇಳುವ ಹೊತ್ತಿಗೆ ಅವಳು ಚಿಕ್ಕಾಕೆಯ ಹನ್ನೆರಡು ಸಿಂಪಿಗಳಲ್ಲಿ ಹನ್ನೆರಡಕ್ಕೂ ಚೂರಿ ತಾಗಿಸಿ ಮುಗಿಸಿದ್ದಳು. ನಾನು ಹೋಗಿ ಬಟ್ಟಲು ನೋಡಿದೆ. ಒಂದರಲ್ಲಿ ಸಿಂಪಿಗಳು ಉಬ್ಬಿ, ಹೊಳೆಯುತ್ತ ಕೂತಿದ್ದವು. ಇನ್ನೊಂದರಲ್ಲಿ ತಮ್ಮದೇ ನೀರಿನಲ್ಲಿ ತೇಲುತ್ತಿದ್ದವು. ನಾನು ಅವಳ ಮುಖ ನೋಡಿದೆ. ಅವಳು ನೋಡಲಿಲ್ಲ. ಆ ಕ್ಷಣ ಬಾಯಿಬಿಡಬೇಕಿತ್ತು. ಆದರೆ ಸಪ್ಪೆಸಾಹೇಬ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ, ನಾನು ಸುಮ್ಮನಿದ್ದೆ.

ದೊಡ್ಡಾಕೆ ತಡಮಾಡಲಿಲ್ಲ. ಸಿಂಪಿಯನ್ನು ಹಿಟ್ಟಿನಲ್ಲಿ ಹೊರಳಿಸಿದಳು, ಕಡೆದ ಮೊಟ್ಟೆಯಲ್ಲಿ ಅದ್ದಿದಳು, ಬ್ರೆಡ್ಡಿನ ಪುಡಿ ಹಚ್ಚಿ ಬಾಣಲೆಗೆ ಬಿಟ್ಟಳು. ಸಿಂಪಿ ಇಡಿಯಾಗಿದ್ದರೆ ಅಷ್ಟು ಸಾಕು. ಹೊಂಬಣ್ಣ ಬಂದ ಕೂಡಲೇ ಎತ್ತಿ ತಟ್ಟೆಗೆ ಸುರಿದಳು.

ಚಿಕ್ಕಾಕೆ ತನ್ನ ಬಟ್ಟಲನ್ನು ಒಂದು ಗಳಿಗೆ ನೋಡಿದಳು. ಹತ್ತಿಬಟ್ಟೆ ಹಾಸಿ ಹನ್ನೆರಡನ್ನೂ ಅದರ ಮೇಲೆ ಸಾಲಾಗಿ ಮಲಗಿಸಿದಳು, ಮೇಲೊಂದು ಬಟ್ಟೆ ಹೊದಿಸಿ ಅಂಗೈಯಿಂದ ಮೆಲ್ಲಗೆ ಒತ್ತಿದಳು. ಒಣ ಹಿಟ್ಟು ಉದುರಿಸಿ ಕೈಕಟ್ಟಿ ನಿಂತಳು.

"ಏನಮ್ಮ, ಪೂಜೆಗೆ ಕೂತಿದ್ದೀಯಾ?" ಎಂದರು ಅತ್ತೆ.

"ಹಿಟ್ಟು ನೀರು ಕುಡೀಲಿ ಅತ್ತೆ."

ಹಿಟ್ಟು ನೀರು ಕುಡಿದು ಅಂಟಾದ ಮೇಲೆ ಮತ್ತೊಮ್ಮೆ ಒಣ ಹಿಟ್ಟು, ಆಮೇಲೆ ಮೊಟ್ಟೆ, ಆಮೇಲೆ ಪುಡಿ. ಬಾಣಲೆಗೆ ಮೂರು ಮೂರೇ ಬಿಟ್ಟಳು. ಎಣ್ಣೆ ಒಂದು ಹನಿಯೂ ಸಿಡಿಯಲಿಲ್ಲ. ಎತ್ತಿದ್ದನ್ನು ತಟ್ಟೆಗೆ ಹಾಕದೆ ತಂತಿಯ ಜಾಲರಿಯ ಮೇಲೆ ಒಂದಕ್ಕೊಂದು ತಾಗದಂತೆ ನಿಲ್ಲಿಸಿದಳು.

ಸಪ್ಪೆಸಾಹೇಬ ಎರಡರಿಂದಲೂ ಬಿಸಿಬಿಸಿಯಾಗಿ ಒಂದೊಂದು ತಿಂದ. ಎರಡೂ ಸದ್ದು ಮಾಡಿದವು. ದೊಡ್ಡಾಕೆಯ ಮುಖಕ್ಕೆ ಕಳೆ ಬಂತು. ಆಮೇಲೆ ಅವನು ಗಡಿಯಾರ ನೋಡಿ, ಕುರ್ಚಿಗೆ ಒರಗಿ, ಸುಮ್ಮನೆ ಕೂತ.

"ಯಾಕೆ ಸಾಹೇಬರೇ, ಸೇರಲಿಲ್ವಾ?" ಎಂದಳು ದೊಡ್ಡಾಕೆ.

"ನಮ್ಮವರು ಸಾಲಲ್ಲಿ ನಿಂತು ತಟ್ಟೆ ತಗೊಳ್ಳೋಕೆ ಇಪ್ಪತ್ತು ನಿಮಿಷ ಆಗತ್ತೆ. ನಾನೂ ಕಾಯ್ತೀನಿ."

ಇಪ್ಪತ್ತು ನಿಮಿಷದ ನಂತರ ದೊಡ್ಡಾಕೆಯ ಸಿಂಪಿಯನ್ನು ಅವನು ಕಚ್ಚಿದಾಗ ಹಲ್ಲಿನ ಸದ್ದೂ ಕೇಳಲಿಲ್ಲ. ಚಿಕ್ಕಾಕೆಯದು ಕಚ್ಚಿದಾಗ ಮೂಲೆಯಲ್ಲಿದ್ದ ಅತ್ತೆ ತಲೆಯೆತ್ತಿ ನೋಡಿದರು. "ಸೋಮವಾರ ಏಳು ಗಂಟೆಗೆ ಬನ್ನಿ," ಎಂದು ಚಿಕ್ಕಾಕೆಗೆ ಹೇಳಿ ಅವನು ಹೊರಟುಹೋದ.

ಅತ್ತೆ ಎದ್ದು ಹೊರಕೋಣೆಗೆ ಹೋದರು. ಅಡುಗೆಮನೆಯಲ್ಲಿ ನಾವು ಮೂವರೇ ಉಳಿದೆವು. ದೊಡ್ಡಾಕೆ ಒಲೆ ಒರೆಸತೊಡಗಿದಳು. ಒರೆಸಿದ್ದನ್ನೇ ಒರೆಸಿದಳು. ಕೊನೆಗೆ ತಿರುಗದೆಯೇ ಕೇಳಿದಳು: "ಎಲ್ಲಿ ಕಲಿತೆ ಅದನ್ನ?"

"ಎಲ್ಲಿ ಕಲೀಲಿ ಅಕ್ಕ, ಇಲ್ಲೇ. ನೀವು ಕೊಡೋದರಲ್ಲಿ ಯಾವಾಗ್ಲೂ ಎರಡು ಮೂರು ಸೋರ್ತಿದ್ವು. ಸಿಡಿದು ಸಿಡಿದು ಕೈ ಸುಟ್ಕೊಂಡ ಮೇಲೆ ಬಟ್ಟೆ ಹಾಸೋದು, ಕಾಯೋದು ಎಲ್ಲ ತಾನಾಗೇ ಬಂತು."

ದೊಡ್ಡಾಕೆಯ ಕೈ ನಿಂತಿತು.

"ಗೊತ್ತಿದ್ದೂ ಒಂದು ಮಾತು ಕೇಳಲಿಲ್ವಾ?"

"ಏನು ಕೇಳೋದು ಅಕ್ಕ?" ಚಿಕ್ಕಾಕೆ ದನಿ ತಗ್ಗಿಸಿದಳು. "ನಿಮ್ಮ ಬೆರಳು ಸೋಲ್ತಿವೆ ಅಂತ ಆಗಲೇ ಅರ್ಥ ಆಯ್ತು. ಮೇಸ್ತ್ರಿ ಕಿವಿಗೆ ಬಿದ್ರೆ ನಿಮ್ಮನ್ನ ಮೇಜಿಂದ ತೆಗೆದು ಸೂಪಿನ ಡಬ್ಬಿ ತುಂಬೋ ಸಾಲಿಗೆ ಹಾಕ್ತಾನೆ. ಅದಕ್ಕೆ ಯಾರ ಹತ್ರಾನೂ ಎತ್ತಲಿಲ್ಲ, ನಮ್ಮನೆಯವರ ಹತ್ರಾನೂ. ಇವತ್ತಂತೂ ಹನ್ನೆರಡೂ ಒಡೆದಿದ್ವು. ನೋಡಿ ನನಗೇ ಕರುಳು ಹಿಂಡಿದ ಹಾಗಾಯ್ತು. ಅಕ್ಕ, ಆ ಕೆಲಸ ನೀವೇ ತಗೊಳ್ಳಿ. ಬಟ್ಟೆ ಹಾಸಿ ಕಾಯೋದು ಅಷ್ಟೇ ತಾನೇ, ಒಂದು ದಿನದಲ್ಲಿ ಹೇಳ್ಕೊಡ್ತೀನಿ. ಸಾಹೇಬರ ಹತ್ರ ನಾನೇ ಮಾತಾಡ್ತೀನಿ. ಈ ಕೈ ಇಟ್ಕೊಂಡು ಇನ್ನೊಂದು ಚಳಿಗಾಲ ಹೇಗೆ ಕಳೀತೀರಿ?"

ಹದಿನೇಳು ವರ್ಷ ದೊಡ್ಡಾಕೆ ಏನೇನಕ್ಕೆ ಉರಿದುಕೊಂಡಿದ್ದಳೋ ಅದೆಲ್ಲವೂ ಈ ಮಾತಿನ ಮುಂದೆ ಏನೂ ಅಲ್ಲ ಎಂದು ಅವಳ ಬೆನ್ನು ನೋಡಿದರೇ ತಿಳಿಯುತ್ತಿತ್ತು. ಅಡುಗೆ ಚಿಕ್ಕಾಕೆಯದು, ಹೊಗಳಿಕೆ ಅವಳದು, ಈಗ ಕನಿಕರವೂ ಅವಳದೇ. ಆದರೆ ಮುಂದಿದ್ದದ್ದು ಬೆಚ್ಚಗಿನ ಕೋಣೆ. ಅದಕ್ಕಾಗಿ ದೊಡ್ಡಾಕೆ ಸುಳ್ಳನ್ನೂ ಹೇಳಬೇಕಿರಲಿಲ್ಲ. ಬೆರಳು ನಿಜವಾಗಿಯೂ ನೋಯುತ್ತಿದ್ದವು. "ಹೂಂ" ಎಂದರೆ ಸಾಕಿತ್ತು. ಅವಳು ಹಾಗೇ ಅನ್ನುತ್ತಾಳೆ ಎಂದೇ ನಾನು ಕಾದೆ.

ಅವಳು ತೊಟ್ಟಿಯ ಕೆಳಗಿನ ಚೀಲದಿಂದ ಮಿಕ್ಕಿದ್ದ ಸಿಂಪಿಯೊಂದನ್ನು ತೆಗೆದಳು. ಗವಸು ಹಾಕಲಿಲ್ಲ. ಚೂರಿಯನ್ನು ಕೀಲಿಗೆ ಇಟ್ಟು ತಿರುಚಿದಳು, ಗೆಣ್ಣುಗಳು ಬೆಳ್ಳಗಾದವು. ಮೇಲಿನ ಚಿಪ್ಪು ಎದ್ದುಬಂತು. ಅಲಗು ಮೊದಲು ಮೇಲಿನ ಗಂಟನ್ನು, ಆಮೇಲೆ ಕೆಳಗಿನದನ್ನು ಕೊಯ್ದಿತು. ಸಿಂಪಿಯನ್ನು ಚಿಕ್ಕಾಕೆಯ ಖಾಲಿ ಬಟ್ಟಲಿಗೆ ಬಿಟ್ಟಳು. ಇನ್ನೊಂದು ತೆಗೆದಳು. ಮತ್ತೊಂದು. ಒಟ್ಟು ಐದು ಉಳಿದಿದ್ದವು, ಐದನ್ನೂ ಬಿಡಿಸಿದಳು.

ಬಟ್ಟಲನ್ನು ತೊಟ್ಟಿಯ ಆಚೆಗೆ, ಓರಗಿತ್ತಿಯ ಒಲೆಯ ಪಕ್ಕಕ್ಕೆ ತಳ್ಳಿ, ಅವಳು ನೋಡಲೆಂದು ಪಕ್ಕಕ್ಕೆ ಸರಿದು ನಿಂತಳು. ಐದೂ ಇಡಿಯಾಗಿದ್ದವು. ಬಟ್ಟಲಿನ ತಳದಲ್ಲಿ ಒಂದು ಹನಿ ನೀರಿರಲಿಲ್ಲ.