ಮಹಿಷಾಸುರನ ಕೊಂಬು

ಅಕ್ಕೂರಿನ ಅಮ್ಮನ ಗುಡಿ ಗುಡಿಸೋದು ನನ್ನ ಕೆಲಸ. ಒಂದು ಬೆಳಿಗ್ಗೆ ಪ್ರವಚನ ಹೇಳುವ ಸ್ವಾಮಿಯೊಬ್ಬರು ತಾವೇ ಬರೆದ ಚಿತ್ರ ತಂದು, "ಬಾಗಿಲ ಮೇಲೆ ನೇತಾಕವ್ವ" ಅಂದರು. ಅಮ್ಮನ ಕಾಲಡಿಯ ಮಹಿಷಾಸುರನಿಗೆ ಗಡ್ಡ, ಬಿಳಿ ಟೋಪಿ! ಅದೇ ಬಾಗಿಲಲ್ಲಿ ಹೂ ಮಾರುವ ಫಾತಿಮಕ್ಕ ದಿನಾ ಇದನ್ನು ನೋಡಬೇಕಲ್ಲ ಎಂದು ಸಂಕಟವಾಯಿತು.

"ಸ್ವಾಮಿ, ಕೊಂಬೆಲ್ಲಿ?"

"ಈಗ ಟೋಪಿಯೊಳಗಿರ್ತವೆ ಕಣವ್ವ."

"ಎತ್ತಿ ನೋಡಿದ್ರಾ?"

"ಅಮ್ಮನೇ ಕನಸಲ್ಲಿ ತೋರಿಸಿದ್ಲು."

ನನಗೆ ಅನುಮಾನ. ಫಾತಿಮಕ್ಕನ ಹೂವನ್ನೇ ದಿನಾ ಮುಡಿಯುವ ತಾಯಿ, ಇವರ ಕನಸಿಗೆ ಹೋಗಿ ಹೀಗೆ ತೋರಿಸಿಯಾಳೇ?

"ನಂಗಿನ್ನೂ ಹೇಳಿಲ್ಲ. ಅಮ್ಮ ಹೇಳೋಗಂಟ ನೀವೇ ಮಡಿಕ್ಕಳಿ" ಎಂದು ಚಿತ್ರ ಸುತ್ತಿ ಕೊಟ್ಟೆ.

ಹೋಗುವಾಗ ಸ್ವಾಮಿ ಫಾತಿಮಕ್ಕನ ಹತ್ತಿರವೇ ಚೌಕಾಸಿ ಮಾಡಿ ಎರಡು ಮೊಳ ಮಲ್ಲಿಗೆ ಕೊಂಡರು. ಅವಳು ತಲೆಗೆ ಹೊದ್ದ ಸೆರಗಿನೊಳಗೆ ಕೊಂಬಿರಬಹುದೆಂಬ ಭಯ ಅವರಿಗೆ ಇದ್ದಂತೆ ಕಾಣಲಿಲ್ಲ.